ನಾಲ್ಕು ಸೆಲ್ಲಿನ ಡಬ್ಬಿ

ನನ್ನ ಎಪ್ಪತ್ತೈದನೆಯ ಇಸವಿಯ ನೋಟ್‌ಬುಕ್ಕಿನಲ್ಲಿ ಪ್ರತಿ ತಿಂಗಳ ಕೊನೆಯ ಪುಟದ ಕೆಳಗೆ ಒಂದು ಸಾಲಿದೆ: 'ಹೊಸ್ತಿಲು ದಾಟಿದ್ದು'. ಜೂನ್, ಹನ್ನೊಂದು ಸಲ. ಜುಲೈ, ಒಂಬತ್ತು. ಆಗಸ್ಟ್, ಆರು. ನಳದ ನೀರಿಗೆ ಹೋದದ್ದನ್ನು ಹಿಡಿದಿಲ್ಲ, ನಳ ಅಂಗಳದಲ್ಲೇ ಇತ್ತು. ಗುಡಿಗೆ ಹೋದದ್ದು, ಗುಂಡಿ ಹಚ್ಚಿದ ಜಂಪರುಗಳನ್ನು ದರ್ಜಿಯ ಮನೆಗೆ ಮುಟ್ಟಿಸಿದ್ದು, ಹಲ್ಲುನೋವಿಗೆ ಒಮ್ಮೆ ದವಾಖಾನೆಗೆ ಹೋದದ್ದು, ಇಷ್ಟೇ. ಎಣಿಸು ಎಂದು ಯಾರೂ ಹೇಳಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದಾಗ ಹಾಜರಿಯನ್ನು ಅಲ್ಲಿಯವರು ಹಾಕುತ್ತಿದ್ದರು. ಅದು ನಿಂತ ಮೇಲೆ ನಾನೇ ಹಾಕಿಕೊಳ್ಳತೊಡಗಿದೆ.

ಆ ಬೇಸಿಗೆಯಲ್ಲಿ ಪಿಯುಸಿ ಪಾಸಾಗಿತ್ತು. ಬಿ.ಎ.ಗೆ ಅರ್ಜಿ ತರಿಸಿ, ತುಂಬಿ, ಅಪ್ಪನ ಸಹಿಯ ಜಾಗವೊಂದನ್ನು ಖಾಲಿ ಬಿಟ್ಟು ಇಟ್ಟಿದ್ದೆ. ಅಪ್ಪ ಅದನ್ನು ಎರಡು ಸಲ ಓದಿದರು. "ಇನ್ನೂ ಓದಿಸಿದ್ರ ಅದಕ್ಕ ತಕ್ಕ ಓದಿದ ವರಾನ ಹುಡುಕಬೇಕಾಗ್ತೈತಿ. ನೋಡೂಣು," ಎಂದರು. ನಮ್ಮ ಮನೆಯಲ್ಲಿ 'ನೋಡೂಣು' ಎಂದರೆ ನೋಡುವುದಿಲ್ಲ ಎಂದೇ.

ಜುಲೈಯಲ್ಲಿ ಅಪ್ಪನ ಅಕ್ಕ, ತಿಕೋಟಾದ ಅತ್ತೆ, ಒಂದು ಸಂಬಂಧದ ಮಾತು ತಂದಳು. ಘೋಣಸಗಿಯ ಮನೆತನ, ಅತ್ತೆಯ ಗಂಡನ ಕಡೆಯವರು. ಊರೊಳಗಿನ ಮನೆ ಬಿಟ್ಟು ಹೊಲದಲ್ಲೇ ದೊಡ್ಡದಾಗಿ ಕಟ್ಟಿಕೊಂಡಿದ್ದರು. "ಅಲ್ಲಿ ಕರೆಂಟ್ ಒಂದ ಇಲ್ಲ ನೋಡು, ಉಳಿದದ್ದೆಲ್ಲ ಐತಿ," ಎಂದಳು ಅತ್ತೆ. ಹುಡುಗನನ್ನು ಒಂದು ಮದುವೆಯಲ್ಲಿ ನೋಡಿದ್ದೆ. ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ, ಯಾರ ಮೇಲೂ ಚೆಲ್ಲಲಿಲ್ಲ. ಅವನ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಅರ್ಜಿಯ ಕೆಳಗೆ ಒಂದು ಸಹಿ. ಘೋಣಸಗಿಗೆ ಹೋದರೆ ಅದು ಎಂದೆಂದಿಗೂ ಆಗದ ಮಾತು.

ಅಪ್ಪ ತಮ್ಮ ಅಕ್ಕನಿಗೆ, "ಹುಡುಗಿ ಮನಸ್ಸ ತಿಳೀಲಿ ತಡಿ," ಎಂದರು. ತಿಳಿಯುವುದು ಎಂದರೆ ಕೇಳುವುದಲ್ಲ. ನಮ್ಮಲ್ಲಿ ಹುಡುಗಿಯನ್ನು ಎದುರು ಕೂಡಿಸಿಕೊಂಡು ಹೂಂ ಅಂತೀಯೋ ಉಹೂಂ ಅಂತೀಯೋ ಎಂದು ಯಾರೂ ಕೇಳುವುದಿಲ್ಲ. ಜಬರದಸ್ತಿ ಮಾಡಿದರು ಎನಿಸಿಕೊಳ್ಳುವುದೂ ಬೇಡ. ಹಾಗಾಗಿ ನಡೆ ನೋಡುತ್ತಾರೆ. ಆ ಊರಿನ ಹೆಸರು ಬಂದಾಗ ಎದ್ದು ಹೋದಳೇ, ಕುಳಿತಳೇ. ಅತ್ತೆ ತಂದ ಜೋಳವನ್ನು ತಾನಾಗಿ ಹಸನು ಮಾಡಿದಳೇ, ಅವ್ವ ಹೇಳಿದ ಮೇಲೆ ಮಾಡಿದಳೇ. ಎರಡು ವಾರ ನಾನು ಏಳುವುದಕ್ಕೂ ಕೂಡುವುದಕ್ಕೂ ಯೋಚಿಸುತ್ತಿದ್ದೆ.

ಜಲನಗರದಲ್ಲಿ ನಮ್ಮದು ಮಾಲಕರ ಮನೆಯ ಹಿಂದಿನ ಭಾಗ. ಬಾಡಿಗೆಯಲ್ಲಿ ಮೂರು ಬಲ್ಬು ಸೇರಿದ್ದವು, ಪ್ಲಗ್ ಇರಲಿಲ್ಲ. ನಮ್ಮ ದೀಪಗಳ ಮೇನ್ ಸ್ವಿಚ್ಚು ಅವರ ಪಡಸಾಲೆಯಲ್ಲಿತ್ತು. ಅಪ್ಪನ ಕಚೇರಿಯ ಅಂಗಿಗಳಿಗೆ ಇದ್ದಿಲಿನ ಇಸ್ತ್ರಿ. ಕರೆಂಟಿನ ಇಸ್ತ್ರಿಗೆ ಒಂದು ಪ್ಲಗ್ ಕೇಳಿ ಬರುತ್ತೇನೆಂದು ಜೂನ್‌ನಲ್ಲಿ ಅಪ್ಪ ಮುಂದಿನ ಮನೆಗೆ ಹೋಗಿದ್ದರು. ಅರ್ಧ ತಾಸು ಕುಳಿತು, ಚಹಾ ಕುಡಿದು, ಮಳೆಯ ಮಾತಾಡಿ, ಕೇಳದೆ ಬಂದರು. ಅದು ನನಗೂ ಅವ್ವನಿಗೂ ಗೊತ್ತಿತ್ತು.

ಅಣ್ಣ ಬಬಲೇಶ್ವರದ ಒಂದು ಸಾಲೆಯಲ್ಲಿ ಗುಮಾಸ್ತ. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತಿದ್ದ. ನೌಕರಿ ಸಿಗುವ ಮೊದಲು ಅವನು ಅಂಚೆಯ ಮೂಲಕ ರೇಡಿಯೋ ಕಲಿಯುವ ಕೋರ್ಸಿಗೆ ಸೇರಿದ್ದ. ಇಪ್ಪತ್ನಾಲ್ಕು ಪಾಠ ಬಂದವು, ಆರಕ್ಕೆ ಕೈಬಿಟ್ಟ. ಕಾಗದಗಳು ಟ್ರಂಕಿನಲ್ಲಿದ್ದವು. ಜೂನ್‌ನಲ್ಲಿ ಓದಲು ಬೇರೇನೂ ಇಲ್ಲದಾಗ ಒಂದನೆಯದರಿಂದ ಸುರು ಮಾಡಿದೆ. ದಿನಕ್ಕೊಂದು ಪಾಠ, ತಿಳಿಯದಿದ್ದರೆ ಮರುದಿನವೂ ಅದೇ. ಜುಲೈ ಮುಗಿಯುವುದರೊಳಗೆ ಇಪ್ಪತ್ನಾಲ್ಕೂ ಮುಗಿದವು. ಆಮೇಲೆ ರೇಡಿಯೋ ಒಂದನ್ನು ನಾನೇ ಜೋಡಿಸಬೇಕೆಂದು ಮಾಡಿಕೊಂಡೆ. ಅಂಗಡಿಯ ತಯಾರಿ ರೇಡಿಯೋ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇದು ಬೇಕು, ಅದು ಬೇಡ ಎಂದು ನಾನು ಹೇಳಬಹುದಾದ ಒಂದು ಕೆಲಸ ನನಗೆ ಬೇಕಿತ್ತು. ಜಂಪರಿಗೆ ಗುಂಡಿ, ಕಾಜ ಮಾಡಿದ್ದರಿಂದ ಕೂಡಿದ್ದು ಎಪ್ಪತ್ತು ರೂಪಾಯಿ. ಖರ್ಚಿಗೆ ಅದೇ ಬೇಲಿ.

ಗಾಂಧಿ ಚೌಕದ ಗಲ್ಲಿಯೊಂದರಲ್ಲಿ ರೇಡಿಯೋ ಮಿಸ್ತ್ರಿಯ ಅಂಗಡಿ ಇತ್ತು. ನಾನು ಹೋಗುವಂತಿರಲಿಲ್ಲ. ಅಣ್ಣ ಸಂಜೆ ಬಸ್ಸಿಳಿದು ಅಲ್ಲಿಗೆ ನನ್ನ ಚೀಟಿ ಒಯ್ಯುತ್ತಿದ್ದ. ಮಿಸ್ತ್ರಿ ಅದರ ಬೆನ್ನಿಗೆ ಉತ್ತರ ಬರೆಯುತ್ತಿದ್ದ. ಮೊದಲ ಚೀಟಿಯಲ್ಲಿ ನಾನು ಪ್ಲಾಸ್ಟಿಕ್ಕಿನ ಚಂದದ ಪೆಟ್ಟಿಗೆ ಬರೆದು, ದುಡ್ಡು ಹೊಂದಿಸಲು ಮೂರು ಇಂಚಿನ ಸ್ಪೀಕರ್ ಬರೆದಿದ್ದೆ. ಉತ್ತರ ಬಂತು: 'ಸ್ಪೀಕರ್‌ದಾಗ ಉಳಿಸಬ್ಯಾಡ್ರಿ. ಪೆಟಗಿದಾಗ ಉಳಿಸ್ರಿ. ಕಿವಿ ಕೇಳತೈತಿ, ಕಣ್ಣು ಸುಮ್ಮನ ನೋಡತೈತಿ.' ಎರಡನೆಯದರಲ್ಲಿ ಕಟ್ಟಿಗೆಯ ಪೆಟ್ಟಿಗೆ, ನಾಲ್ಕು ಇಂಚಿನ ಸ್ಪೀಕರ್. ತಂತಿ ಸುತ್ತಿದ ಕಾಯಿಲ್‌ಗಳನ್ನು ಎರಡು ಬೇರೆ ಕಂಪನಿಗಳವು ಬರೆದಿದ್ದೆ, ನಾಲ್ಕಾಣೆ ಉಳಿಯುತ್ತದೆಂದು. ಅದಕ್ಕೆ ಒಂದೇ ಮಾತು: 'ಕಾಯಿಲ್ ಒಂದ ಮನೀವು ಇರಬೇಕು, ಇಲ್ಲಂದ್ರ ಜಗಳಾಡತಾವ.'

ಮೂರನೆಯ ಚೀಟಿಯ ದಿನ ಅಣ್ಣ ನಗುತ್ತ ಬಂದ. "ಮಿಸ್ತ್ರಿ ಏನಂದ ಗೊತ್ತೇನು? 'ಸಾಹೇಬ್ರ, ಇದು ನಿಮ್ಮ ಅಕ್ಷರ ಅಲ್ಲ ಬಿಡ್ರಿ. ನೀವು ನಾಲ್ಕು ಬರದ್ರ ಏಳು ಕಂಡಂಗ ಕಾಣತೈತಿ. ಬರಿಯಾವ್ರು ಯಾರ ಅದಾರ, ಅವರಿಗೆ ಒಮ್ಮೆ ಬರಾಕ ಹೇಳ್ರಿ, ಮಾಲು ನೋಡ್ಲಿ.'"

ಆಗಸ್ಟ್‌ನ ಆರು ಸಲಗಳಲ್ಲಿ ಒಂದು ಅದು. ಅವ್ವ ಪಂಚಮಿಗೆ ಬೆಲ್ಲ, ಶೇಂಗಾ ತರಲು ಗಾಂಧಿ ಚೌಕಕ್ಕೆ ಹೊರಟಿದ್ದಳು, ನನ್ನನ್ನೂ ಕರೆದುಕೊಂಡಳು. ಮಿಸ್ತ್ರಿ ಬಿಳಿ ಗಡ್ಡದ ಮನುಷ್ಯ; ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರಿಯಾಕಿ ನೀನ ಏನವಾ ತಂಗಿ?" ಎಂದ. ಆಮೇಲೆ ಬೇರೆ ಮಾತೇ ಇಲ್ಲ. ಒಂದೊಂದೇ ಸಾಮಾನು ತೆಗೆದು ನನ್ನ ಮುಂದಿಟ್ಟ. ಸ್ಟೇಷನ್ ಹಿಡಿಯುವ ಗ್ಯಾಂಗ್ ತಿರುಗಿಸಿ, ಪಟ್ಟಿಗಳು ಒಂದಕ್ಕೊಂದು ತಾಗುತ್ತವೋ ಇಲ್ಲವೋ ಬೆಳಕಿಗೆ ಹಿಡಿದು ನೋಡಲು ಕಲಿಸಿದ. ಎರಡು ಸ್ಪೀಕರಿನ ಹಾಳೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿಸಿದ. ಒಂದು ಕೆರೆದಂತೆ ಸದ್ದು ಮಾಡಿತು, ಅದನ್ನು ಪಕ್ಕಕ್ಕಿಟ್ಟ. "ಕರೆಂಟಿನ ಕಾವು ಎಲ್ಲಿಂದ ತರ್ತಿ, ಬೆಸಿಗಿ ಹಾಕಾಕ?" ಎಂದ. ಇದ್ದಿಲಿನಲ್ಲಿ ಕಾಸುತ್ತೇನೆ ಎಂದೆ. ಕಲಾಯಿಯವರು ಬಳಸುವ ತಾಮ್ರದ ತುದಿಯ ಬೆಸುಗೆ ಸಲಾಕೆಯೊಂದನ್ನು ಹುಡುಕಿ ಕೊಟ್ಟ, ಕಡ ಎಂದು. "ಟ್ರಾನ್ಸಿಸ್ಟರ್ ಕಾಲು ಚಿಮಟಾದಾಗ ಹಿಡದ ಬೆಸೀಬೇಕು. ಕಾವು ಚಿಮಟಾ ಕುಡೀತೈತಿ, ಅದು ಉಳೀತೈತಿ." ಅವ್ವ ಬೆಲ್ಲದ ಗಂಟು ಹಿಡಿದು ನಿಂತೇ ಇದ್ದಳು. "ಮದಿವಿ ಸಾಮಾನು ತಗೊಳ್ಳೂ ಮುಂದೂ ಇಷ್ಟ ಹೊತ್ತ ನಿಂತಿದ್ದಿಲ್ಲ ನಾ," ಎಂದಳು. ಆ ಒಂದು ತಾಸನ್ನು ನೋಟ್‌ಬುಕ್ಕಿನಲ್ಲಿ ಒಂದು ಸಲ ಎಂದೇ ಬರೆದಿದ್ದೇನೆ. ಹತ್ತು ಎಂದು ಬರೆಯಬೇಕಿತ್ತು.

ಒಂದು ಸಾಮಾನು ಮಾತ್ರ ಉಳಿದಿತ್ತು. ರೇಡಿಯೋ ಎಲ್ಲಿಂದ ಉಣ್ಣಬೇಕು? ನಾಲ್ಕು ಟಾರ್ಚ್ ಸೆಲ್ಲು ಹಿಡಿಯುವ ಡಬ್ಬಿಗೆ ಎರಡು ರೂಪಾಯಿ. ಇಲ್ಲವೇ ಎಲಿಮಿನೇಟರ್; ಗೋಡೆಯ ಕರೆಂಟನ್ನು ಸಣ್ಣದು ಮಾಡಿ ರೇಡಿಯೋಗೆ ಕೊಡುವ ಪೆಟ್ಟಿಗೆ, ಹದಿನೆಂಟು ರೂಪಾಯಿ. ಉಳಿದ ಸಾಮಾನಿಗೇ ಅರವತ್ತೇಳು ಆಗಿತ್ತು. ಸೆಲ್ಲು ಮೇಲಿಂದ ಮೇಲೆ ಕೊಳ್ಳಬೇಕು, ವರ್ಷಕ್ಕೆ ಲೆಕ್ಕ ಹಾಕಿದರೆ ಎಲಿಮಿನೇಟರೇ ಸಸ್ತಾ. ಕಡಿಮೆ ಬೀಳುವ ಹದಿನೈದನ್ನು ಜಂಪರಿನಿಂದ ದುಡಿದು ಕೊಡೋಣವೆಂದು ಅದನ್ನೇ ಬರೆದಿದ್ದೆ. ಆಮೇಲೆ, ಪ್ಲಗ್ಗೇ ಇಲ್ಲದ ಮನೆಯಲ್ಲಿ ಅದನ್ನು ಎಲ್ಲಿ ಚುಚ್ಚುವುದು ಎಂದು ಗೀಟು ಎಳೆದು, ಕೆಳಗೆ 'ಸೆಲ್ಲಿನ ಡಬ್ಬಿ, ಒಂದು' ಎಂದು ಬರೆದೆ. ನನಗೆ ಅದರಲ್ಲಿ ಇದ್ದದ್ದು ಇಷ್ಟೇ ಅರ್ಥ.

ಪಂಚಮಿಗೆ ತಿಕೋಟಾದ ಅತ್ತೆ ತವರಿಗೆ ಬಂದಳು. ಮಾಲಕರ ಹೆಂಡತಿಯೂ ಕುಂಕುಮಕ್ಕೆ ಬಂದು ಚಾಪೆಯ ಮೇಲೆ ಕುಳಿತಿದ್ದರು. ಅಪ್ಪ ಬಾಜು ಎಂಬ ಹಗ್ಗದ ಮಂಚದ ಮೇಲೆ, ಅವ್ವ ಉಂಡಿಯ ತಾಟು ಹಿಡಿದು ಬಾಗಿಲಲ್ಲಿ. ಅಣ್ಣನಿಗೆ ರಜೆ, ಮಾಡಲು ಬೇರೆ ಕೆಲಸವಿಲ್ಲದೆ ನನ್ನ ಕೊನೆಯ ಚೀಟಿ ತೆಗೆದು ಪುರೋಹಿತರ ರಾಗದಲ್ಲಿ ಓದತೊಡಗಿದ. "ಸ್ಪೀಕರು ಒಂದು, ನಾಲ್ಕ ಇಂಚಿಂದು. ಗ್ಯಾಂಗು ಒಂದು. ಟ್ರಾನ್ಸಿಸ್ಟರು ಆರು..."

"ಇದೇನೋ ಬಾಸ್ತಾದ ಯಾದಿ ಓದಿದಂಗ ಓದಾಕತ್ತಿ!" ಎಂದಳು ಅತ್ತೆ. ಎಲ್ಲರೂ ನಕ್ಕರು. ಬಾಸ್ತಾ ಎಂದರೆ ಮದುವೆಯ ಅರಿವೆ ಖರೀದಿ.

"ಕೊನೀದು ಕೇಳ್ರಿ. ಎಲಿಮಿನೇಟರು, ಕರೆಂಟಿಂದು. ಅದಕ್ಕ ಗೀಟು ಹೊಡದಾಳ. ಅದರ ಬದಲಿ ಸೆಲ್ಲಿನ ಡಬ್ಬಿ."

"ಅದ್ಯಾಕ ಗೀಟು? ಶಹರದಾಗ ಇರಾಕಿ, ಕರೆಂಟಿಂದ ತಗೋಬೇಕಿಲ್ಲ?" ಎಂದಳು ಅತ್ತೆ.

"ಹೌದಲ್ಲವಾ, ಯಾಕ?" ಎಂದರು ಮಾಲಕರ ಹೆಂಡತಿಯೂ, ನನ್ನನ್ನೇ ನೋಡುತ್ತ.

ಅಪ್ಪ ನೆಲ ನೋಡುತ್ತಿದ್ದರು. ಇದ್ದದ್ದು ಇದ್ದಂತೆ ಹೇಳಿದರೆ, ನಿಮ್ಮ ಮನೆಯಲ್ಲಿ ನಮಗೊಂದು ಪ್ಲಗ್ ಇಲ್ಲ, ಕೇಳಲು ಬಂದ ನಮ್ಮಪ್ಪ ಚಹಾ ಕುಡಿದು ತಿರುಗಿ ಬಂದರು ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಕರೆಂಟ್ ಇಲ್ಲದ ಕಡೇನೂ ಹಾಡಬೇಕಲ್ರೀ ಅತ್ತಿ."

ಅತ್ತೆ ಎದ್ದು ಬಂದು, "ಭಾಳ ಶಾಣ್ಯಾಕಿ ನನ ಮಗಳ!" ಎಂದು ಅವ್ವನ ತಾಟಿನಿಂದ ದೊಡ್ಡ ಶೇಂಗಾ ಉಂಡಿ ತೆಗೆದು ನನ್ನ ಬಾಯಿಗೆ ತುರುಕಿದಳು. ಇನ್ನೊಂದು ಅಪ್ಪನಿಗೆ, ಮತ್ತೊಂದು ಮಾಲಕರ ಹೆಂಡತಿಗೆ. ಅಪ್ಪನ ಮುಖದ ಗಂಟು ಬಿಚ್ಚಿತು. "ಆತು ಬಿಡು. ತಿಳೀತಲ್ಲ," ಎಂದರು ಅಕ್ಕನಿಗೆ. ಕರೆಂಟಿಲ್ಲದ ಕಡೆ ಎಂದರೆ ಘೋಣಸಗಿ ಎಂದು ಅವರು ತಿಳಿದರೆಂದು ನನಗೆ ಹೊಳೆಯುವಷ್ಟರಲ್ಲಿ ಉಂಡಿ ಅರ್ಧ ಬಾಯಲ್ಲಿತ್ತು, ಅಗಿದಷ್ಟೂ ಹೆಚ್ಚುತ್ತಿತ್ತು. ನಾನದನ್ನು ನುಂಗುವುದರೊಳಗೆ ದಸರಾ ಆದ ಮೇಲೆ ನಿಶ್ಚಯ ಎಂಬಲ್ಲಿಗೆ ಅವರ ಮಾತು ಮುಟ್ಟಿತ್ತು.

ಆ ದಿನದ ಪುಟದಲ್ಲಿ ಬರೀ ಇಷ್ಟಿದೆ: 'ಪಂಚಮಿ. ಅತ್ತೆ ಬಂದಳು. ಉಂಡಿ, ಒಂದು.'

ಬಿಡಿಸಿ ಹೇಳಲು ದಿನಗಳಿದ್ದವು, ದಾರಿ ಇರಲಿಲ್ಲ. ಹೇಳಬೇಕೆಂದರೆ ಅಪ್ಪನ ಮುಂದೆ ಆ ಪ್ಲಗ್ಗಿನ ಸುದ್ದಿ ಎತ್ತಬೇಕು. ಅವ್ವನಿಗೆ ಒಮ್ಮೆ ಅರ್ಧ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹಂಗಂದ ಮ್ಯಾಲ ಹಂಗ. ಹೆಣ್ಣ ಹುಡುಗಿ ಮಾತು ದಿನಕ್ಕೊಂದ ಆಗಬಾರದು," ಎಂದಳು. ಮನೆಯಲ್ಲಿ ಎಲ್ಲರೂ ನನ್ನೊಂದಿಗೆ ಮೊದಲಿಗಿಂತ ಮೆತ್ತಗೆ ಮಾತಾಡುತ್ತಿದ್ದರು. ಅದನ್ನು ತಾಳುವುದು ಬೈಗುಳಕ್ಕಿಂತ ಕಷ್ಟವಿತ್ತು. ನನ್ನ ಅರ್ಜಿ ಕಪಾಟಿನಿಂದ ಇಳಿದು, ಅಪ್ಪನ ಹಳೆಯ ಕಾಗದಗಳ ಕಟ್ಟಿನೊಳಗೆ ಹೋಗಿತ್ತು.

ಸಾಮಾನು ಬಂದವು. ಅರವತ್ತೊಂಬತ್ತು ರೂಪಾಯಿ, ಒಂದು ಉಳಿಯಿತು. ಮಧ್ಯಾಹ್ನ ಅಡಿಗೆಯಾದ ಮೇಲೆ ಒಲೆಯ ಇದ್ದಿಲಿನಲ್ಲಿ ಸಲಾಕೆ ಕಾಸಿ, ಹಿತ್ತಲ ಬಾಗಿಲಲ್ಲಿ ಕುಳಿತು ಬೆಸೆಯುತ್ತಿದ್ದೆ. ಒಂದು ಕಾವಿಗೆ ಮೂರು ಬೆಸುಗೆ, ನಾಲ್ಕನೆಯದಕ್ಕೆ ಆರಿರುತ್ತಿತ್ತು. ದಿನಕ್ಕೆ ಹನ್ನೆರಡರಂತೆ ಬರೆದಿಟ್ಟಿದ್ದೇನೆ. ಹತ್ತನೆಯ ದಿನ ಮನೆಯ ಟಾರ್ಚುಗಳಿಂದ ಸೆಲ್ಲು ತೆಗೆದು ಹಾಕಿ ಸ್ವಿಚ್ ತಿರುಗಿಸಿದೆ. ಮೊದಲು ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಸದ್ದು, ಆಮೇಲೆ ಗ್ಯಾಂಗ್ ತುಸು ತಿರುವಿದಾಗ ಒಬ್ಬ ಗಂಡಸು ಅಚ್ಚುಕಟ್ಟಾಗಿ ಪೇಟೆ ಧಾರಣೆ ಹೇಳುತ್ತಿದ್ದ. ಧಾರವಾಡ ಸಿಕ್ಕಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ನೀ ಮಾಡಿದ್ದು ಮಾತಾಡಾಕತ್ತೈತಿ ಬೇ!" ಎಂದಳು. ಆಮೇಲೆ ಪೆಟ್ಟಿಗೆಯನ್ನು ಮುಟ್ಟಿ, "ಘೋಣಸಗ್ಯಾಗ ಇದೊಂದ ಇದ್ರ ನಿನಗ ಹೊತ್ತ ಹೋಗತೈತಿ," ಎಂದಳು. ನಾನು ಸ್ವಿಚ್ ಬಂದ್ ಮಾಡಿದೆ. ಅದು ಹಾಡಿದಷ್ಟೂ ನನ್ನ ಒಪ್ಪಿಗೆಯನ್ನೇ ಹಾಡುತ್ತಿತ್ತು.

ನನ್ನ ಮನಸ್ಸನ್ನು ಅವರು ಓದಿದ್ದು ಚೀಟಿಯಲ್ಲಿ. ಹಾಗಿದ್ದರೆ ಚೀಟಿಯನ್ನೇ ತಿದ್ದಬೇಕು ಎನಿಸಿತು. ಎಲಿಮಿನೇಟರಿಗೆ ಹದಿನೆಂಟು, ಕೈಯಲ್ಲಿ ಒಂದು, ಡಬ್ಬಿ ವಾಪಸು ಕೊಟ್ಟರೆ ಎರಡು. ಬೇಕಾದದ್ದು ಹದಿನೈದು ರೂಪಾಯಿ. ಜಂಪರಿಗೆ ಹದಿನೈದು ಪೈಸೆಯಂತೆ ನೂರು ಜಂಪರು. ಸೆಪ್ಟೆಂಬರ್ ಪೂರ್ತಿ ಅದೇ ಕೆಲಸ. ದರ್ಜಿಯ ಹೆಂಡತಿ, "ಮದಿವಿ ಗೊತ್ತಾದ ಹುಡುಗಿ ಇಷ್ಟ ದುಡೀತಾಳೇನವಾ!" ಎಂದು ಹಬ್ಬದ ಜಂಪರುಗಳನ್ನೆಲ್ಲ ನನಗೇ ಕೊಟ್ಟಳು.

ನೂರು ಮುಗಿದ ಮರುದಿನ ಅಣ್ಣನ ಕೈಗೆ ದುಡ್ಡು, ಡಬ್ಬಿ, ಚೀಟಿ ಕೊಟ್ಟೆ: 'ಸೆಲ್ಲಿನ ಡಬ್ಬಿ ವಾಪಸ್. ಎಲಿಮಿನೇಟರ್, ಒಂದು.' ಅವನು ಓದಿ ನನ್ನ ಮುಖ ನೋಡಿದ.

"ಪ್ಲಗ್ ಎಲ್ಲೈತಿ ನಮ್ಮ ಮನ್ಯಾಗ?"

"ಇಲ್ಲ."

"ಮತ್ತ?"

"ನೀ ತಗೊಂಡ ಬಾ."

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು ಹೋದ. ಸಂಜೆ ಎಲಿಮಿನೇಟರೂ ಬಂತು, ಡಬ್ಬಿಯೂ ತಿರುಗಿ ಬಂತು. ಬೆಸೆದ ಮಾಲನ್ನು ಮಿಸ್ತ್ರಿ ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಕಡಿಮೆ ಬಿದ್ದ ಎರಡು ರೂಪಾಯಿಯನ್ನು ಅಣ್ಣ ಹಾಕಿದ್ದ. ಅದನ್ನು ಬರೆಯಲು ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ, ಅಂಚಿನಲ್ಲಿ ಬರೆದೆ. ಎಲಿಮಿನೇಟರನ್ನು ಎಲ್ಲರಿಗೂ ಕಾಣುವಂತೆ ನಮ್ಮ ಪಡಸಾಲೆಯ ಗೋಡೆಗೂಡಿನಲ್ಲಿ, ಮಾಡದಲ್ಲಿ, ಇಟ್ಟೆ. "ಗ್ವಾಡಿಗೆ ತೂತಿಲ್ಲ, ಇದನ್ನೇನ ಗೂಟಕ್ಕ ಹಾಕ್ತೀಯೇನು?" ಎಂದಳು ಅವ್ವ. ಅಪ್ಪ ಅದನ್ನು ನೋಡಿ, ಕೈಕಾಲು ತೊಳೆಯಲು ನಳಕ್ಕೆ ಹೋದರು.

ದಸರಾದ ಮರುದಿನ ಅತ್ತೆ ಬನ್ನಿ ಕೊಡಲು, ನಿಶ್ಚಯದ ದಿನ ಹಿಡಿಯಲು ಬಂದಳು. "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದು ನನ್ನ ಕೈಗೂ ಎಲೆ ಕೊಟ್ಟಳು. ಅಣ್ಣ ಮಾಡದ ಕಡೆ ಕೈ ಮಾಡಿದ. "ಅತ್ತಿ, ಇಕಿ ಸೆಲ್ಲು ಬ್ಯಾಡಂತ ಕರೆಂಟಿಂದ ತರಿಸ್ಯಾಳ ನೋಡು. ನೂರ ಜಂಪರಿಗೆ ಗುಂಡಿ ಹಚ್ಚಿ."

ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ವೈರು ಹಿಡಿದು, ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು ಎಂದೇ ನನಗೆ ಇಂದಿಗೂ ಅನಿಸುತ್ತದೆ. ತಿಳಿದೂ, ನಗುತ್ತ ಅದನ್ನು ಮಾಡದಲ್ಲಿಟ್ಟಳು. "ಎರಡೂ ಇರ್ಲಿ ತಗೋ. ತವರಿಗೆ ಬಂದಾಗ ಇದು, ಅಲ್ಲಿ ಹೋದಾಗ ಅದು."

ನೂರು ಜಂಪರು, ಒಂದು ತಿಂಗಳು, ಒಂದೇ ಮಾತಿನಲ್ಲಿ ಮುಗಿದುಹೋಯಿತು. ತೋರಿಸಲು ಇನ್ನಾವ ಸಾಮಾನೂ ನನ್ನ ಹತ್ತಿರ ಉಳಿದಿರಲಿಲ್ಲ.

"ಅತ್ತಿ, ನಾ ಘೋಣಸಗಿಗೆ ಬರೂದಿಲ್ರಿ," ಎಂದೆ.

"ರೇಡಿಯೋ ಒಯ್ಯೂದು ಬ್ಯಾಡಂದ್ರ ಬಿಡು, ಅದಕ್ಕೇನೈತಿ."

"ರೇಡಿಯೋ ಅಲ್ರಿ. ನಾ."

ಅವ್ವ ಒಳಗಿನಿಂದ ಹೊರಗೆ ಬಂದಳು. ಅತ್ತೆಯ ನಗು ನಿಂತಿತು. "ಮತ್ತ ಪಂಚಮ್ಯಾಗ ನಾಕ ಮಂದಿ ಮುಂದ ಹಂಗ್ಯಾಕ ಅಂದಿ?"

ಅಪ್ಪ ಬಾಜಿನ ಮೇಲೆಯೇ ಇದ್ದರು. ಅವರ ಕಡೆ ನೋಡದೆ ಹೇಳಿದೆ. "ಈ ಮನ್ಯಾಗ ಪ್ಲಗ್ ಇಲ್ರಿ. ಮಾಲಕರ ಹೆಂಡ್ತಿ ಇದ್ರು. ಅದಕ್ಕ ಅಂದೆ."

"ಪ್ಲಗ್ಗಿನ ಸಲುವಾಗಿ ಅಂಥಾ ಮನೆತನ ಬಿಟ್ಟಾಳ ಅಂತ ಹೇಳ್ಲೇನು ಅವರಿಗೆ?" ಎಂದಳು ಅತ್ತೆ, ನನಗಲ್ಲ, ಅಪ್ಪನಿಗೆ. ಅವಳು ಊಟಕ್ಕೆ ನಿಲ್ಲದೆ ತಿಕೋಟಾದ ಬಸ್ಸಿಗೆ ಹೋದಳು. ಅವ್ವ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಉಪ್ಪು ಎಲ್ಲಿ ಎಂದು ಕೇಳಿದಳು.

ನಾಲ್ಕನೆಯ ದಿನ ಅಪ್ಪ ಕಚೇರಿಯಿಂದ ಬಂದವರು ಅಂಗಿ ಕಳಚದೆ ಮುಂದಿನ ಮನೆಗೆ ಹೋದರು. ಹೆಚ್ಚು ಹೊತ್ತು ಆಗಲಿಲ್ಲ, ಚಹಾ ಕುಡಿದಂತೆಯೂ ಕಾಣಲಿಲ್ಲ. ಬಂದು, ಗೋಡೆಗೆ ಮುಖ ಮಾಡಿ ನಿಂತು ಹೇಳಿದರು: "ಇಲ್ಲಿ ಒಂದ ಪಾಯಿಂಟ್ ಕೊಡ್ತಾರಂತ. ತಿಂಗಳಿಗೆ ಎರಡ ರೂಪಾಯಿ ಹೆಚ್ಚಿಗಿ. ಸಂಜೀ ಆರರಿಂದ ಎಂಟರ ತನಕ ಅಷ್ಟ." ಆ ವಿಷಯದಲ್ಲಿ ಅವರು ನನಗೆ ಹೇಳಿದ್ದು ಅಷ್ಟೇ. ಘೋಣಸಗಿಯ ಹೆಸರು ಮತ್ತೆ ಬರಲಿಲ್ಲ. ಅರ್ಜಿಯ ಹೆಸರೂ ಬರಲಿಲ್ಲ. ಅಕ್ಟೋಬರ್, ಹೊಸ್ತಿಲು ದಾಟಿದ್ದು ಎರಡು ಸಲ.

ಇದಾಗಿ ಮೂರು ವರ್ಷವಾಯಿತು. ನನಗೀಗ ಇಪ್ಪತ್ತೊಂದು, ಮನೆ ಅದೇ. ಕಾಲೇಜಿಗೆ ಹೋಗದೆ ಹೊರಗಿನಿಂದ ಪರೀಕ್ಷೆ ಕಟ್ಟುತ್ತೇನೆಂದು ಹೋದ ವರ್ಷ ಇನ್ನೊಂದು ಅರ್ಜಿ ತುಂಬಿ ಬಾಜಿನ ಮೇಲೆ ಇಟ್ಟಿದ್ದೆ. ಮಾತಿಲ್ಲದೆ ಸಹಿಯಾಗಿ ಬಂತು. ಆರಕ್ಕೆ ರೇಡಿಯೋ ಹಚ್ಚುತ್ತೇನೆ, ಎಂಟಕ್ಕೆ ಮುಂದಿನ ಮನೆಯಲ್ಲಿ ಸ್ವಿಚ್ ಟಕ್ ಎಂದ ಕೂಡಲೇ ಅದು ಮಾತಿನ ನಡುವೆಯೇ ನಿಲ್ಲುತ್ತದೆ. ಎಲಿಮಿನೇಟರಿನ ವೈರು ಒಂದೂವರೆ ಗಜ. ಅದರಾಚೆ ರೇಡಿಯೋ ಬರುವುದಿಲ್ಲ. ಸೆಲ್ಲು ಹಾಕಿದರೆ ಅಂಗಳಕ್ಕೆ ಒಯ್ಯಬಹುದು, ಎಂಟರ ಮೇಲೂ ಕೇಳಬಹುದು. ಡಬ್ಬಿ ಹಾಳಾಗಿಲ್ಲ, ಅದರಲ್ಲಿ ಗುಂಡಿ, ಹುಕ್ಕು ಇಟ್ಟುಕೊಂಡಿದ್ದೇನೆ. ಸೆಲ್ಲು ಮಾತ್ರ ಇನ್ನೂ ತರಿಸಿಲ್ಲ, ಆ ಚೀಟಿಯಲ್ಲಿ ಮತ್ತೆ ಯಾರು ಏನು ಓದುತ್ತಾರೋ ಎಂದು.